ಸಹಿ ಇದ್ದ ಜಾಗ

ಕೊಟ್ಟೂರಿನ ಹಾಲೇಶಪ್ಪನ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಕೋಣೆ ಒಂದೇ ಒಂದು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಕಿರಾಣಿ ಇಡುತ್ತಿದ್ದರು, ಝೆರಾಕ್ಸ್ ಮಷಿನ್ ಇಡುತ್ತಿದ್ದರು, ಏನೂ ಇಲ್ಲದಿದ್ದರೆ ಬಾಡಿಗೆಗೆ ಕೊಡುತ್ತಿದ್ದರು. ಹಾಲೇಶಪ್ಪ ಅಲ್ಲಿ ಕಾಗದ ಇಟ್ಟಿದ್ದ. ಎರಡು ತಗಡಿನ ಟ್ರಂಕು, ಒಂದು ಮೇಜು, ಒಂದು ಭೂತಗನ್ನಡಿ, ನುಸಿಗುಳಿಗೆಯ ಘಾಟು. ಧೂಳು ಬರುತ್ತದೆಂದು ಕಿಟಕಿಯನ್ನೂ ತೆಗೆಯುತ್ತಿರಲಿಲ್ಲ.

ಟ್ರಂಕಿನಲ್ಲಿ ಇದ್ದವೆಲ್ಲ ನೌಕಾಪಡೆಯ ಅಧಿಕಾರಿಗಳು ಬರೆದ ಹಳೆಯ ಕಾಗದಗಳು. ಬ್ರಿಟಿಷರ ಕಾಲದ ಕ್ಯಾಪ್ಟನ್ನರವು, ಸ್ವಾತಂತ್ರ್ಯ ಬಂದ ಮೇಲಿನ ಕಮಾಂಡರುಗಳವು, ಇಬ್ಬರೋ ಮೂವರೋ ಅಡ್ಮಿರಲ್ಲರವು. ಹೆಚ್ಚಿನವು ಟೈಪ್ ಮಾಡಿದವು. ಕೆಳಗೆ ಮಾತ್ರ ಮಸಿಪೆನ್ನಿನಲ್ಲಿ ಆ ಸಾಹೇಬನ ಸ್ವಂತ ಕೈಯ ಸಹಿ; ಬರೆದವನ ಗುರುತು ಅದೊಂದೇ. ಒಟ್ಟು ನೂರ ನಲವತ್ತಾರು. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣದ ಹಳೇ ಕಾಗದದ ವ್ಯಾಪಾರಿಗಳಿಗೆ ಬರೆದು ತರಿಸಿದ್ದ. ನಿವೃತ್ತರಾದ ಅಧಿಕಾರಿಗಳ ವಿಳಾಸ ಹುಡುಕಿ, ಉತ್ತರಕ್ಕೆ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟು ಕೇಳಿ ಪಡೆದಿದ್ದ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಅಂಚೆ ಕಚೇರಿಗಳಲ್ಲೇ ಸವೆದ ಮನುಷ್ಯ. ಕಾಗದ ಬರೆಯುವುದು, ಕಾಗದಕ್ಕೆ ಕಾಯುವುದು ಅವನಿಗೆ ಬೇಸರ ತರುವ ಕೆಲಸವಾಗಿರಲಿಲ್ಲ.

ಆದರೆ ಕಡಲನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಹೊಳೆದಂಡೆಯ ಹಲವಾಗಲಿನಲ್ಲಿ ಒಮ್ಮೆ ಹರಿಗೋಲು ಹತ್ತಿದಾಗ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಿದ್ದನ್ನು ಹೆಂಡತಿ ಕೊಟ್ರಮ್ಮ ನೋಡಿದ್ದಳು.

"ಹೊಳಿ ದಾಟಾಕ ಅಂಜ್ತಾರ, ಹಡಗದ ಸಾಹೇಬರ ಕಾಗದ ಕಾಯ್ಕೊಂಡು ಕುಂತಾರ," ಎಂಬುದು ಅವಳ ಮೂವತ್ತು ವರ್ಷದ ಹಳೇ ಮಾತು. ಹೇಳಿ ಹೇಳಿ ಅದರ ಮೊನೆ ಮೊಂಡಾಗಿತ್ತು.

ಈ ಹುಚ್ಚಿನ ಬೇರು ಹಲವಾಗಲಿನ ಜಂಬಣ್ಣ. ನೌಕಾಪಡೆಯಲ್ಲಿ ದುಡಿದು ಊರಿಗೆ ಮರಳಿ, ಹರಪನಹಳ್ಳಿ ಅಂಚೆ ಕಚೇರಿಗೆ ಬರುತ್ತಿದ್ದ ಮುದುಕ. ಒಂದು ದಿನ ಎಂಟು ಮಡಿಕೆಯ ಕಾಗದ ಬಿಚ್ಚಿ ಕೌಂಟರಿನ ಮೇಲಿಟ್ಟ. ಅವನ ಹಡಗಿನ ಕ್ಯಾಪ್ಟನ್ ಅವನ ಕೆಲಸ ಮೆಚ್ಚಿ ಬರೆದದ್ದು. "ನಮ್ಮನ್ಯಾಗ ಇದ್ರ ಯಾರಾರ ಬೀಡಿ ಹಚ್ಚಾಕ ತಗಂತಾರ. ನೀ ಓದಿದಾಂವ ಅದಿ, ಇಟ್ಗಂಬಿಡು," ಎಂದು ಹೇಳಿ ಹೋದ. ಅದೇ ಒಂದನೆಯ ನಂಬರಿನ ಕಾಗದ.

ಎರಡನೆಯದೋ ಮೂರನೆಯದೋ ಬಂದ ವರ್ಷ ಕೊಟ್ರಮ್ಮ ತಿಳಿಯದೆ ಒಂದು ಲಕೋಟೆಯನ್ನು ಬಚ್ಚಲ ಒಲೆ ಹೊತ್ತಿಸಲು ಹಾಕಿದ್ದಳು. ಒಳಗೆ ಕಾಗದ ಇರಲಿಲ್ಲ, ಬರೀ ಲಕೋಟೆ. ಆದರೂ ಗಂಡ ಎರಡು ದಿನ ಉಂಡಿರಲಿಲ್ಲ. ಅವತ್ತಿನಿಂದ ಅವಳು ಆ ಕೋಣೆಯ ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದಳು. ಅಪರೂಪಕ್ಕೆ, "ಅದರಾಗ ಏನು ಬರದೈತ್ರಿ?" ಎಂದು ಕೇಳಿದರೆ ಹಾಲೇಶಪ್ಪ ತಲೆ ಎತ್ತದೆ, "ಇಂಗ್ಲೀಷದು. ನಿನಗ ತಿಳಿಯಂಗಿಲ್ಲ ಬಿಡು," ಅನ್ನುತ್ತಿದ್ದ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಬಿಟ್ಟುಬಿಡುತ್ತಿದ್ದಳು.

ಈಗ ಆ ಕೋಣೆಗೆ ಬೇರೆ ಹಕ್ಕುದಾರರು ಹುಟ್ಟಿದ್ದರು. ಸೊಸೆ ಸುಕನ್ಯಾ ಜಂಪರ್ ಹೊಲಿಯುತ್ತಿದ್ದಳು. ಅವಳ ಮಷಿನ್ ಇದ್ದದ್ದು ಮೆಟ್ಟಿಲ ಕೆಳಗೆ; ಎದ್ದು ನಿಂತರೆ ತಲೆಗೆ ಕಲ್ಲು ಬಡಿಯುವ ಜಾಗ. ಅಳತೆ ಕೊಡಲು ಬಂದ ಹೆಂಗಸರು ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ ಮಾವನನ್ನು ದಾಟಿ ಬರಬೇಕು. ಎಷ್ಟೋ ಜನ ಬಾಗಿಲಲ್ಲೇ ಇಣುಕಿ, ಆಮೇಲೆ ಬರ್ತೀವಿ ಎಂದು ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರಿಗೆ ಕೊಡುತ್ತಿದ್ದರು.

ಗಣಪತಿ ಹೊಳೆಗೆ ಹೋದ ವಾರ, ಊಟದ ಹೊತ್ತಿಗೆ ಮಗ ಗುರುಶಾಂತ ಆ ಮಾತು ತೆಗೆದ. ಅವನದು ಗೂಡ್ಸ್ ಗಾಡಿ. ಮೆಕ್ಕೆಜೋಳ, ಉಳ್ಳಾಗಡ್ಡಿ ಹೇರಿಕೊಂಡು ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಅಂತ ಅಲೆಯುವವನು.

"ಅಪ್ಪ, ನಾ ಕೇಳೋದು ಒಂದ ಮಾತು. ಆ ಕ್ವಾಣಿ ಬಿಡ್ತಿಯೋ ಇಲ್ಲೋ?"

"ಬಿಟ್ಟು ಟ್ರಂಕು ನನ್ನ ತಲಿ ಮ್ಯಾಲೆ ಇಟ್ಕೊಳ್ಳೇನು?"

"ಅಟ್ಟದ ಮ್ಯಾಲೆ ಇಡು."

"ಅಟ್ಟದ ಮ್ಯಾಲೆ ಇಲಿ ಅದಾವ."

"ಇಲಿಗೆ ಇಂಗ್ಲೀಷ್ ಬರಂಗಿಲ್ಲ ಬಿಡಪ್ಪ. ಓದಂಗಿಲ್ಲ ಅವು."

ಭೂಮಿಕಾ ಕಿಸಕ್ಕನೆ ನಕ್ಕಳು. ಪಿಯುಸಿ ಎರಡನೇ ವರ್ಷದ ಮೊಮ್ಮಗಳು. ಸುಕನ್ಯಾ ಮಗಳ ಕಡೆ ಕಣ್ಣು ಬಿಟ್ಟು, ಮಾವನ ತಟ್ಟೆಗೆ ಪುಂಡಿಪಲ್ಯ ಹಾಕಿದಳು. ಕೊಟ್ರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ, "ಹೆಣ್ಣುಮಗಳು ಹದಿನೆಂಟು ವರ್ಷದಿಂದ ಬೆನ್ನು ಬಗ್ಗಿಸಿ ಹೊಲಿಯಾಕತ್ಯಾಳ. ಸತ್ತ ಸಾಹೇಬರು ಆರಾಮ ಕ್ವಾಣ್ಯಾಗ ಅದಾರ," ಎಂದಳು. ಹಾಲೇಶಪ್ಪ ರೊಟ್ಟಿ ಮುರಿದ.

ಗುರುಶಾಂತನಿಗೆ ಅಷ್ಟರಲ್ಲಿ ಏನೋ ನೆನಪಾಯಿತು. "ಹಾಂ ಅಪ್ಪ, ಮಧ್ಯಾಹ್ನ ಯಾವನೋ ಫೋನ್ ಮಾಡಿದ್ದ. ಹಾಲೇಶಪ್ಪ ಸರ್ ಇದಾರಾ, ಮ್ಯೂಸಿಯಂ, ಕಾಗದ ಅಂತಿದ್ದ. ನಾ ಚೀಲ ಏರಸಾಕತ್ತಿದ್ದೆ. ಲೋನ್ ಕೊಡಾರು ಇರಬೇಕಂತ ಕಟ್ ಮಾಡಿದೆ."

ಹಾಲೇಶಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಕಟ್ ಮಾಡಿದಿ?"

"ಮೂರು ಸಲ."

ಕಡಲ ಕಡೆಯ ಒಂದು ಟ್ರಸ್ಟು ಹಳೆಯ ಹಡಗುಗಳ ಸಾಮಾನಿನ ಮ್ಯೂಸಿಯಂ ಕಟ್ಟುತ್ತಿದೆಯೆಂದು ಪೇಪರಿನಲ್ಲಿ ಓದಿ ಹಾಲೇಶಪ್ಪ ಎರಡು ತಿಂಗಳ ಹಿಂದೆ ಕಾಗದ ಬರೆದಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಭೂಮಿಕಾ ಅದೇ ನಂಬರಿಗೆ ತಿರುಗಿ ಫೋನ್ ಹಚ್ಚಿದಳು. ಆ ಕಡೆ ಇದ್ದದ್ದು ಅರುಣ್ ಕುಮಾರ್ ಎಂಬವರು. ಹಾಲೇಶಪ್ಪ ಎಂಜಲು ಕೈಯನ್ನು ದೂರ ಹಿಡಿದುಕೊಂಡು, ಎಡಗೈಯಲ್ಲಿ ಫೋನ್ ಹಿಡಿದು, ಹೌದ್ರಿ ಸರ್, ಹೌದ್ರಿ ಎನ್ನುತ್ತ ಕಾಲು ಗಂಟೆ ನಿಂತ. ಕೈ ಒಣಗಿಹೋಯಿತು.

ಫೋನ್ ಇಟ್ಟು ಬಂದು ಕೂತವನ ಮುಖ ಬೇರೆಯಾಗಿತ್ತು.

"ಬರ್ತಾರಂತ. ಮಹಾನವಮಿ ಮುಗಿದ ಮ್ಯಾಲೆ, ಕಾರು ತಗೊಂಡು. ನೋಡಿ, ಎಲ್ಲಾ ಒಯ್ಯತಾರಂತ. ಗಾಜಿನ ಕಪಾಟಿನಾಗ ಇಡ್ತಾರಂತ." ಒಂದು ಗುಟುಕು ನೀರು ಕುಡಿದ. "ಕಪಾಟಿನ ಮ್ಯಾಲೆ ಹಾಲೇಶಪ್ಪ, ಕೊಟ್ಟೂರು ಅಂತ ಬರಸ್ತಾರಂತ."

ಗುರುಶಾಂತ, "ಅಂದ್ರ ಕ್ವಾಣಿ ಖಾಲಿ ಆಕ್ಕೈತಿ," ಎಂದ. ಈ ಸಲ ಅವನ ದನಿಯಲ್ಲಿ ಜಗಳ ಇರಲಿಲ್ಲ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಹಿಂದೆಂದೂ ಇಲ್ಲದ ಒಂದು ಹಗುರ ಇತ್ತು. ಗುರುಶಾಂತ ಬೀದಿ ಬಾಗಿಲಿಗೆ ಬಣ್ಣ ಯಾವುದು ಹಚ್ಚೋಣವೆಂದು ಹೆಂಡತಿಯನ್ನು ಕೇಳಿದ. ಸುಕನ್ಯಾ ಮಾವನಿಗೆ ಬಿಳಿ ಅಂಗಿ ಹೊಲಿದಳು. ಹಾಲೇಶಪ್ಪ ಗಾಜಿನ ಕಪಾಟಿನ ಮಾತನ್ನು ಹಾಲಿನವನಿಗೆ ಹೇಳಿದ, ಕ್ಷೌರದ ಭೀಮೇಶನಿಗೆ ಹೇಳಿದ, ಕೊಟ್ರಮ್ಮನಿಗಂತೂ ನಾಲ್ಕು ಸಲ ಹೇಳಿದ. ನಾಲ್ಕನೆಯ ಸಲ ಅವಳು, "ನನಗ ಬಾಯಿಪಾಠ ಆಗೈತ್ರಿ. ನೀವು ಚಾ ಕುಡೀರಿ, ಆರಾಕತ್ತೈತಿ," ಎಂದಳು. ನಗುತ್ತಲೇ ಎಂದಳು.

ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಕಾಗದ ಬೆವರಿ ಹಾಳಾಗುತ್ತದೆ, ಬಿಚ್ಚಿ ಬಿಳಿ ಹಾಳೆಯ ನಡುವೆ ಇಡಿ ಎಂದು ಅರುಣ್ ಕುಮಾರ್ ಹೇಳಿದ್ದರು. ಭೂಮಿಕಾ ಕಾಲೇಜಿನ ಹತ್ತಿರದಿಂದ ಹಾಳೆಯ ಕಟ್ಟು ತಂದಳು. ಅಜ್ಜ ಒಂದೊಂದೇ ಕಾಗದವನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆಳೆದು, ಮೇಲೊಂದು ಕೆಳಗೊಂದು ಬಿಳಿ ಹಾಳೆ ಇಟ್ಟು ಪೇರಿಸಿದ. ನಂಬರು ಇದ್ದದ್ದು ಆ ಕವರುಗಳ ಮೇಲೆ. ಕಾಗದದ ಮೇಲೆ ಅವನು ಪೆನ್ಸಿಲ್ಲಿನ ಚುಕ್ಕೆಯನ್ನೂ ಇಟ್ಟವನಲ್ಲ. ಒಂದರಿಂದ ನೂರ ನಲವತ್ತಾರರವರೆಗೆ ಸಾಲಾಗಿಯೇ ಪೇರಿಸಿದ್ದೇನೆ, ಯಾವ ನಂಬರು ಯಾರದೆಂದು ರಿಜಿಸ್ಟರಿನಲ್ಲಿ ಬರೆದದ್ದಿದೆ, ತಪ್ಪುವುದೆಲ್ಲಿ ಬಂತು ಎಂದು ಕವರುಗಳನ್ನು ಕಸದ ಗಾಡಿಗೆ ಹಾಕಿಸಿದ.

ಮಹಾನವಮಿಯ ಹಿಂದಿನ ದಿನ ಅತ್ತೆ ಸೊಸೆ ಹೂರಣ ರುಬ್ಬುತ್ತ ಕೂತಿದ್ದರು. ಮರುದಿನ ಆಯುಧ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ವಿಭೂತಿ ಹಚ್ಚುವುದು ಕೊಟ್ರಮ್ಮನ ಕೈಯ ಕೆಲಸ. ಗುರುಶಾಂತನ ಗಾಡಿ, ಸುಕನ್ಯಾಳ ಮಷಿನ್ನು, ಕತ್ತರಿ, ಭೂಮಿಕಾಳ ಪುಸ್ತಕ, ರೊಟ್ಟಿ ಹಂಚು, ಈಳಿಗೆ, ಕಸಬರಿಗೆ ಸಹ ಬಿಡುತ್ತಿರಲಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಅದ್ದಿ ಅಂಗೈಯಲ್ಲಿ ತೇದು ಮೂರು ಬೆರಳಲ್ಲಿ ಎಳೆದರೆ ಗೀಟುಪಟ್ಟಿ ಇಟ್ಟಂತೆ ಮೂರು ಗೆರೆ. ಒಂದಕ್ಕೊಂದು ಕೂಡುತ್ತಿರಲಿಲ್ಲ, ಹರಿಯುತ್ತಿರಲಿಲ್ಲ. ಅವಳ ಬೆರಳಿಗೆ ಓಣಿಯಲ್ಲೇ ಹೆಸರಿತ್ತು.

"ಅತ್ತಿ, ಒಂದು ಮಾತು," ಎಂದಳು ಸುಕನ್ಯಾ. "ಎಲ್ಲಾರ ಕೆಲಸಕ್ಕೂ ಈಬತ್ತಿ ಹಚ್ತೀರಿ. ಮಾವರ ಕಾಗದಕ್ಕ ಯಾವತ್ತೂ ಹಚ್ಚಿಲ್ಲ ನೋಡ್ರಿ."

ಕೊಟ್ರಮ್ಮ ರುಬ್ಬುವುದನ್ನು ನಿಲ್ಲಿಸಿದಳು. "ಅದೇನು ಕೆಲಸನ?"

"ಕಾರು ತಗೊಂಡು ನೋಡಾಕ ಬರಾಕತ್ತಾರಲ್ಲ."

ಕೊಟ್ರಮ್ಮ ಮತ್ತೆ ರುಬ್ಬತೊಡಗಿದಳು. ಆದರೆ ಆ ಮಾತು ಅವಳ ಜೊತೆಯೇ ಮಲಗಿ ಅವಳ ಜೊತೆಯೇ ಎದ್ದಿತು.

ಬೆಳಿಗ್ಗೆ ಹಾಲೇಶಪ್ಪ ಗುಡಿಗೂ, ಅಲ್ಲಿಂದ ಕ್ಷೌರಕ್ಕೂ ಹೋದ. ಕೊಟ್ರಮ್ಮ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆಯುಟ್ಟು, ಬೆಳ್ಳಿ ಬಟ್ಟಲಲ್ಲಿ ನೀರು ತುಂಬಿಕೊಂಡು, ವಿಭೂತಿ ಗಟ್ಟಿ ಹಿಡಿದು ಕೋಣೆಗೆ ಬಂದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಬಲಗಾಲಿಟ್ಟು ಒಳಗೆ ಹೋದಳು.

ಬರೀ ಟ್ರಂಕಿಗೆ ಹಚ್ಚಿ ಮುಗಿಸಬಹುದಿತ್ತು. ಆದರೆ ಗಾಡಿಗೆ ಪೂಜೆ ಮಾಡುವಾಗ ಶೆಡ್ಡಿಗೆ ಹಚ್ಚುತ್ತಾರೇನು? ಇಷ್ಟು ವರ್ಷ ಅಂದದ್ದು ಆಡಿದ್ದೆಲ್ಲ ಅವಳ ಮನಸ್ಸಿನಲ್ಲಿತ್ತು. ಒಂದೂ ಬಿಡಬಾರದು ಎಂದು ನೆಲದ ಮೇಲೆ ಚಾಪೆ ಹಾಸಿ ಕೂತಳು. ಕಿಟಕಿ ತೆರೆಯಲಿಲ್ಲ, ಧೂಳು ಬಂದರೆ ಅವರಿಗೆ ಆಗದು. ಅಕ್ಷರದ ಮೇಲೆ ಕೈ ತಾಗಬಾರದು ಎಂಬುದೂ ಅವಳಿಗೆ ಗೊತ್ತಿತ್ತು. ಹಾಳೆಯ ಮೇಲೆಲ್ಲ ಸಾಲು ಸಾಲು ಕರಿ ಅಕ್ಷರ. ಕೆಳಗೆ ಮಾತ್ರ ನಾಲ್ಕು ಬೆರಳಗಲ ಖಾಲಿ ಜಾಗ. ಅಲ್ಲೊಂದು ಗೀಚು, ಪೆನ್ನಿನಲ್ಲಿ ಮಸಿ ಇಳಿಯುತ್ತದೋ ಇಲ್ಲವೋ ಎಂದು ನೋಡಲು ಎಳೆದಂಥದ್ದು. ಸಹಿ ಅಂದರೆ ಅವಳ ಲೆಕ್ಕದಲ್ಲಿ ಬೇರೆ. ಅವಳು ಸಹಿ ಮಾಡುವಾಗ ಕೊಟ್ರಮ್ಮ ಎಂದು ಮೂರಕ್ಷರವನ್ನೂ ಒತ್ತಕ್ಷರವನ್ನೂ ದುಂಡಗೆ ಬರೆಯುತ್ತಿದ್ದಳು. ಈ ಗೀಚಿನಲ್ಲಿ ಅಕ್ಷರವೇ ಇರಲಿಲ್ಲ. ಅಕ್ಷರ ಇಲ್ಲದ ಆ ಜಾಗ ನೋಡಿ, ಮೂರು ಬೆರಳು ಎಳೆದಳು.

ಹಸಿ ವಿಭೂತಿ ಹಚ್ಚಿದಾಗ ಕಾಣುವುದಿಲ್ಲ, ಆರಿದ ಮೇಲೆ ಬೆಳ್ಳಗಾಗುತ್ತದೆ. ಪೊರೆ ಬಂದ ಕಣ್ಣು, ಮಂದ ಬೆಳಕು. ಒಂದೊಂದಾಗಿ ಹಚ್ಚಿ ಚಾಪೆಯ ಮೇಲೆ ಹರಡುತ್ತ ಹೋದಳು. ಜಾಗ ಸಾಲದಾದಾಗ ಮೊದಲಿನವನ್ನು ಒಟ್ಟುಗೂಡಿಸಿ ಬಿಳಿ ಹಾಳೆಗಳ ನಡುವೆ ಸೇರಿಸುತ್ತ ಬಂದಳು. ಸೊಂಟ ಹಿಡಿಯಿತು. ನೂರ ನಲವತ್ತಾರಕ್ಕೂ ಹಚ್ಚಿ, ಟ್ರಂಕಿನ ಮೇಲೆ ಎರಡು ಸೇವಂತಿಗೆ ಇಟ್ಟು, ಕೈಮುಗಿದು ಹೊರಗೆ ಬಂದಳು.

ಹಾಲೇಶಪ್ಪ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದವನು ಟ್ರಂಕಿನ ಮೇಲಿನ ಹೂವು ನೋಡಿದ.

"ಪೂಜಿ ಮಾಡಿಯೇನು?"

"ಹ್ಞೂಂ ರಿ."

"ಈಗಾದ್ರೂ ಬುದ್ಧಿ ಬಂತಲ್ಲ ನಿನಗ," ಎಂದ. ಮೀಸೆಯಡಿ ನಗು ಇತ್ತು. ಊಟಕ್ಕೆ ಕೂತು ಮೂರು ಹೋಳಿಗೆ ಉಂಡ, ನಾಲ್ಕನೆಯದಕ್ಕೆ ತಾನೇ ಕೈಯೊಡ್ಡಿದ. ಅವನು ಕೇಳಿ ಹಾಕಿಸಿಕೊಂಡದ್ದನ್ನು ಕೊಟ್ರಮ್ಮ ನೋಡಿ ಎಷ್ಟೋ ವರ್ಷವಾಗಿತ್ತು. ತುಪ್ಪ ಮೇಲೆ ಮೇಲೆ ಹಾಕಿದಳು.

ಮೂರು ಗಂಟೆಗೆ ಅವನು ಟ್ರಂಕು ತೆಗೆದ.

ಮೇಲಿನ ಬಿಳಿ ಹಾಳೆ ಎತ್ತಿದ. ಕಾಗದದ ಕೆಳಗೆ ಬೆಳ್ಳನೆಯ ಮೂರು ಗೆರೆ, ಅಳತೆ ಮಾಡಿದಂತೆ. ಗೆರೆಗಳ ಅಡಿಯಲ್ಲಿ, ನೀಲಿ ಹಾಕಿದ ಬಟ್ಟೆ ಹಿಂಡಿದ ನೀರಿನಂಥ ಒಂದು ಕಲೆ. ಅದರಲ್ಲಿ ಹೆಸರಿಲ್ಲ, ಗೀಚೂ ಇಲ್ಲ. ಎರಡನೆಯದು ತೆಗೆದ. ಮೂರನೆಯದು. ಹತ್ತರತನಕ ತೆಗೆದು ಕೈ ಬಿಟ್ಟ.

"ಕೊಟ್ರಿ," ಎಂದು ಕರೆದ. ಮೆಲ್ಲಗೆ ಕರೆದ. "ಎಲ್ಲಾಕೂ ಹಚ್ಚಿಯೇನು?"

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. "ಎಲ್ಲಾಕೂ ಹಚ್ಚೀನ್ರಿ. ಒಂದೂ ಬಿಟ್ಟಿಲ್ಲ."

ಆ ಕ್ಷಣದವರೆಗೂ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಗಂಡನ ಮುಖ ನೋಡಿದ ಮೇಲೆ ಅದು ಹೋಯಿತು. ಭೂಮಿಕಾ ಬಂದು ಅಜ್ಜನ ಕೈಯಲ್ಲಿದ್ದ ಕಾಗದ ನೋಡಿದಳು. "ಅಜ್ಜೀ, ಇಲ್ಲಿ ಸಹಿ ಇತ್ತು," ಎಂದಳು. "ಸಹಿನ ಮುಖ್ಯ ಅಜ್ಜಿ. ಸಹಿಗಾಗೇ ಅಜ್ಜ ಇವನ್ನ ಕೂಡಿಹಾಕಿದ್ದು."

"ಅಲ್ಲಿ ಅಕ್ಷರ ಇರಲಿಲ್ಲವ್ವ. ಖಾಲಿ ಇತ್ತು. ಒಂದು ಗೀಚಿತ್ತು, ಅಷ್ಟ," ಎಂದಳು ಕೊಟ್ರಮ್ಮ.

ಗುರುಶಾಂತ ಗಾಡಿಗೆ ಬಾಳೆಕಂಬ ಕಟ್ಟಿ ಬಂದವನು ಬಾಗಿಲಲ್ಲೇ ನಿಂತ. "ಏನವ್ವಾ ಇದು? ಯಾರನ್ನಾರ ಒಂದು ಮಾತು ಕೇಳಬಾರದಾ? ಕಾಗದಕ್ಕ ನೀರು ಮುಟ್ಟಿಸ್ತಾರನು ಯಾರಾದ್ರೂ?"

"ಸುಮ್ಕಿರಲೇ," ಎಂದ ಹಾಲೇಶಪ್ಪ.

"ಅಲ್ಲಪ್ಪಾ—"

"ಸುಮ್ಕಿರು ಅಂದೆ."

ಮೆಟ್ಟಿಲ ಕೆಳಗೆ ಸುಕನ್ಯಾ ಮುಖ ಮುಚ್ಚಿಕೊಂಡು ಕೂತಿದ್ದಳು. ಯಾರು ಕರೆದರೂ ಬರಲಿಲ್ಲ.

ಬರಬೇಡಿ ಎಂದು ಫೋನ್ ಮಾಡಿಬಿಡೋಣವೆಂದು ಭೂಮಿಕಾ ಹೇಳಿದಳು. ಹಾಲೇಶಪ್ಪ ಬೇಡವೆಂದ. ಹಬ್ಬ ಮುಗಿದ ಮೂರನೆಯ ದಿನ ಅರುಣ್ ಕುಮಾರ್ ಬಂದರು. ಐವತ್ತರ ಆಸುಪಾಸಿನ, ಮೆತ್ತನೆ ಮಾತಿನ ಮನುಷ್ಯ. ಕೈಗೆ ಬಿಳಿ ಕೈಗವಸು ಹಾಕಿಕೊಂಡು ಒಂದೊಂದೇ ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆ ಕಿಟಕಿಯನ್ನು ಅವತ್ತು ತೆಗೆದಿದ್ದರು. ಹಾಲೇಶಪ್ಪ ಹೊಸ ಬಿಳಿ ಅಂಗಿಯಲ್ಲಿ ಎದುರಿಗೆ ನಿಂತಿದ್ದ. ಕೊಟ್ರಮ್ಮ ಮಂಡಕ್ಕಿ ಮಿರ್ಚಿಯ ತಟ್ಟೆ ಹಿಡಿದು ಬಾಗಿಲ ಹಿಂದೆಯೇ ನಿಂತಳು.

"ಸರ್, ಇದು... ವಿಭೂತಿ ಅಲ್ವಾ?" ಎಂದರು ಅರುಣ್ ಕುಮಾರ್. "ಯಾರು ಹಚ್ಚಿದ್ದು?"

"ನಾನ ರಿ," ಎಂದ ಹಾಲೇಶಪ್ಪ. "ಆಯುಧ ಪೂಜಿ ದಿನ. ನಮ್ಮಲ್ಲಿ ಪದ್ಧತಿ ಐತಿ. ವಯಸ್ಸಾತಲ್ಲ, ಲಕ್ಷ್ಯ ಉಳಿಲಿಲ್ಲ."

ಬಾಗಿಲ ಹಿಂದೆ ಕೊಟ್ರಮ್ಮ ತಟ್ಟೆಯನ್ನು ಕೆಳಗಿಟ್ಟಳು.

ಅರುಣ್ ಕುಮಾರ್ ಇನ್ನೊಂದು ಕಾಗದ ಎತ್ತಿ ನೋಡಿದರು. ಇಷ್ಟು ವರ್ಷ ಕೂಡಿಸಿದವನು ತಾನೇ ನೀರು ಹಚ್ಚಿದ ಎಂದರೆ ಅವರಿಗೆ ನಂಬಲೂ ಆಗದು, ನಂಬದಿರಲೂ ಆಗದು. "ಸರ್, ಬೇಜಾರು ಮಾಡ್ಕೋಬೇಡಿ," ಎಂದರು ಕೊನೆಗೆ. "ಇದರಲ್ಲಿ ಬರೆದಿರೋ ವಿಷಯದ ಪ್ರತಿ ಎಲ್ಲಾದರೂ ದಫ್ತರದಲ್ಲಿ ಸಿಗುತ್ತೆ. ನಮಗೆ ಬೇಕಾಗಿದ್ದು ಆ ಕೈಗಳು."

ಒಂಬತ್ತು ಕಾಗದದ ಸಹಿ ಮಾತ್ರ ಉಳಿದಿತ್ತು. ಅವು ಬಾಲ್‌ಪೆನ್ನಿನವು. ನಿವೃತ್ತ ಅಧಿಕಾರಿಗಳು ಇತ್ತೀಚೆಗೆ, ನಿಮ್ಮ ಪತ್ರ ತಲುಪಿತು, ವಂದನೆಗಳು ಎಂದು ಹಾಲೇಶಪ್ಪನಿಗೇ ಬರೆದವು. ಅರುಣ್ ಕುಮಾರ್ ಅವನ್ನು ಜೋಡಿಸಿ ಅವನ ಕೈಗೆ ಕೊಟ್ಟರು. "ಇವು ನಿಮ್ಮವು ಸರ್. ನಿಮ್ಮ ಹತ್ರವೇ ಇರಲಿ." ಒಂದು ಮಿರ್ಚಿ ತಿಂದರು, ಚಹಾ ಕುಡಿದರು, ಕಾರಿನಲ್ಲಿ ಬರಿಗೈಯಲ್ಲಿ ಹೋದರು.

ಅವತ್ತು ಸಂಜೆ ಕೊಟ್ರಮ್ಮ ಕೇಳಿದಳು. "ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳಿದ್ರ ಮಸಿ ತಿರುಗಿ ಬರ್ತಿತ್ತೇನು?"

"ಬೈದುಬಿಡ್ರಿ ನನ್ನ. ಹಿಂಗ ಸುಮ್ಮನ ಇರಬ್ಯಾಡ್ರಿ."

ಅವನು ಗೋಡೆಯ ಕಡೆ ಹೊರಳಿದ.

ಆಮೇಲೆ ಅವನು ಬೈಯಲೂ ಇಲ್ಲ, ಮಾತೂ ಆಡಲಿಲ್ಲ. ಕರೆದರೆ ಬಂದು ಕೂತು ಉಣ್ಣುತ್ತಿದ್ದ, ಬಡಿಸಿದಷ್ಟು ಉಂಡು ಏಳುತ್ತಿದ್ದ. ಒಂದು ದಿನ ಕೊಟ್ರಮ್ಮ ಬೇಕೆಂದೇ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಏನಾದರೂ ಅನ್ನುತ್ತಾನೋ ಎಂದು ಕಾದಳು. ಗುರುಶಾಂತ ಮೊದಲ ತುತ್ತಿಗೇ, "ಅವ್ವಾ, ಉಪ್ಪ ಇಲ್ಲ ಇದಕ್ಕ," ಎಂದು ತಟ್ಟೆ ಸರಿಸಿದ. ಹಾಲೇಶಪ್ಪ ಅಷ್ಟರಲ್ಲಿ ಅರ್ಧ ಉಂಡಿದ್ದ. ಉಳಿದರ್ಧವನ್ನೂ ಉಂಡ.

ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬಂದಾಗ ಕೊಡ ಎತ್ತಿ ಡ್ರಮ್ಮಿಗೆ ಸುರಿಯುವಾಗ ಮಾತ್ರ ಅವನು ಎದ್ದು ಬಂದು ಕೈ ಹಚ್ಚುತ್ತಿದ್ದ. ಅದು ಮುಗಿದ ಮೇಲೆ ಮತ್ತೆ ಮಂಚ.

ಕೋಣೆಯ ಮಾತನ್ನು ಈಗ ಯಾರೂ ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲೇಶಪ್ಪನೇ ಟ್ರಂಕುಗಳನ್ನು ನೆಲದ ಮೇಲೆ ಎಳೆದುಕೊಂಡು ಬಂದು ಒಳಮನೆಯ ಮಂಚದ ಕೆಳಗೆ ನೂಕಿದ. ಬೀಗದಕೈಯನ್ನು ಸೊಸೆಯ ಮಷಿನ್ನಿನ ಮೇಲಿಟ್ಟ.

"ಬ್ಯಾಡ್ರಿ ಮಾವ," ಎಂದಳು ಸುಕನ್ಯಾ. ಅವಳ ಕಣ್ಣು ತುಂಬಿತ್ತು. "ಹಿಂಗ ಬ್ಯಾಡ."

"ಹೆಂಗಾದ್ರೇನವ್ವ. ಕ್ವಾಣಿ ಕ್ವಾಣಿನ."

"ಅಪ್ಪ, ಇರಲಿ ಬಿಡು, ಅವಸರ ಏನೈತಿ," ಎಂದ ಗುರುಶಾಂತ. ತಾನೇ ವರ್ಷಗಟ್ಟಲೆ ಜಗಳಾಡಿ ಕೇಳಿದ್ದನ್ನು ಅವನಿಗೆ ಕೈಚಾಚಿ ತೆಗೆದುಕೊಳ್ಳಲು ಆಗಲಿಲ್ಲ. ನಾಲ್ಕು ದಿನ ಆ ಬೀಗದಕೈ ಮಷಿನ್ನಿನ ಮೇಲೆಯೇ ಬಿದ್ದಿತ್ತು. ಐದನೆಯ ದಿನ ಮದುವೆಮನೆಯ ಹನ್ನೆರಡು ಜಂಪರಿನ ಕೆಲಸ ಬಂತು. ಸುಕನ್ಯಾ ಬಾಗಿಲು ತೆರೆದು ನೆಲ ತೊಳೆದಳು. ನುಸಿಗುಳಿಗೆಯ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ.

ದೀಪಾವಳಿ ಅಮಾವಾಸ್ಯೆಯ ದಿನ ಹೊಸ ಅಂಗಡಿಗೆ ಲಕ್ಷ್ಮೀ ಪೂಜೆ. ಮಧ್ಯಾಹ್ನವೇ ಮಷಿನ್ ಒರೆಸಿ, ಹೂವು ತಂದು, ಸುಕನ್ಯಾ ಬೆಳ್ಳಿ ಬಟ್ಟಲು ಹಿಡಿದು ಅತ್ತೆಯ ಮುಂದೆ ನಿಂತಳು.

"ಬರ್ರಿ ಅತ್ತಿ. ಮಷಿನ್ನಿಗೆ ಈಬತ್ತಿ ಹಚ್ಚಬರ್ರಿ."

ಕೊಟ್ರಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬ್ಯಾಡವ್ವ. ನೀನ ಹಚ್ಚು."

"ಅವತ್ತು ನಾ ಆ ಮಾತು ಅನ್ನಬಾರದಿತ್ತು, ಅತ್ತಿ."

"ನೀ ಅಂದಿ, ನಾ ಮಾಡಿದೆ. ನೀ ಅನ್ನದಿದ್ರೂ ಮಾಡ್ತಿದ್ನೇನೋ. ಹೋಗು, ಹೊತ್ತು ಮೀರತೈತಿ."

ಭೂಮಿಕಾ ಹಚ್ಚಿದಳು. ಗೆರೆಗಳು ಒಂದಕ್ಕೊಂದು ಕೂಡಿ ದಪ್ಪಗೆ ಹರಿದವು.

ಕೊಟ್ರಮ್ಮ ಒಳಮನೆಗೆ ಬಂದಳು. ಹಾಲೇಶಪ್ಪ ನೆಲದ ಮೇಲೆ ಕೂತು ಟ್ರಂಕು ತೆಗೆದುಕೊಂಡಿದ್ದ. ಇಷ್ಟು ದಿನದಲ್ಲಿ ಅದೇ ಮೊದಲು. ಎಡಗಡೆ ರಿಜಿಸ್ಟರು, ಕೈಯಲ್ಲಿ ಪೆನ್ಸಿಲ್ಲು. ಒಂದೊಂದು ಕಾಗದ ಎತ್ತಿ, ತಾರೀಕು ನೋಡಿ, ರಿಜಿಸ್ಟರಿನಲ್ಲಿ ಹುಡುಕಿ, ಅಂಚಿನಲ್ಲಿ ಸಣ್ಣಗೆ ಹೆಸರು ಬರೆಯುತ್ತಿದ್ದ. ಆದರೆ ಕವರಿನ ಜೊತೆ ನಂಬರು ಹೋಗಿತ್ತು, ಪೂಜೆಯ ದಿನ ಸಾಲು ತಪ್ಪಿತ್ತು, ರಿಜಿಸ್ಟರಿನಲ್ಲಿ ತಾರೀಕು ಬರೆದದ್ದು ಕೆಲವಕ್ಕೆ ಮಾತ್ರ. ಹೆಸರು ಸಿಕ್ಕವು ಒಂದು ಕಡೆ, ಸಿಗದವು ಇನ್ನೊಂದು ಕಡೆ. ಇಂಗ್ಲೀಷ್ ಓದಲು ಬಾರದಿದ್ದರೂ ಯಾವ ಗುಡ್ಡೆ ದೊಡ್ಡದೆಂಬುದು ಕೊಟ್ರಮ್ಮನಿಗೆ ಕಂಡಿತು.

ಅವಳು ದೂರದಲ್ಲೇ ಕೂತಳು. ಇನ್ನೊಂದು ಕಾಗದ ದೊಡ್ಡ ಗುಡ್ಡೆಗೆ ಹೋದ ಮೇಲೆ ಕೇಳಿದಳು. "ಅದರಾಗ ಏನು ಬರದೈತ್ರಿ?"

ತಿಳಿಯಂಗಿಲ್ಲ ಬಿಡು ಎನ್ನುತ್ತಾನೆ ಎಂದುಕೊಂಡಿದ್ದಳು. ಹಾಗೆಂದರೂ ಸಾಕಾಗಿತ್ತು ಅವಳಿಗೆ. ಅವನು ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಕನ್ನಡಕ ಮೇಲೇರಿಸಿದ.

"ಒಬ್ಬ ಕ್ಯಾಪ್ಟನ್ ಬಂದರಿನವರಿಗೆ ಬರದಾನ. ನಮ್ಮ ಹಡಗದಾಗ ಕುಡ್ಯಾಕ ನೀರಿಲ್ಲ, ಇವತ್ತಿಗೆ ನಾಲ್ಕು ದಿನ ಆತು, ಒಬ್ಬೊಬ್ಬರಿಗೆ ಎರಡೆರಡು ಲೋಟ ಹಂಚಾಕತ್ತೀನಿ, ಲಗೂನ ನೀರಿನ ಪೀಪಾಯಿ ಕಳಿಸ್ರಿ ಅಂತ."

ಕೊಟ್ರಮ್ಮ ಕತ್ತು ಚಾಚಿ ಹಾಳೆಯ ಕಡೆ ನೋಡಿದಳು. "ನೀರಾಗ ಇದ್ದು ನೀರು ಕೇಳ್ತಾರ?"

"ಕಡಲ ನೀರು ಉಪ್ಪಲ್ಲೇನು."

"ಅಯ್ಯ ಪಾಪ," ಎಂದಳು. ಎಂಟು ದಿನಕ್ಕೊಮ್ಮೆ ಬರುವ ನಳ ನೆನಪಾಯಿತೋ ಏನೋ, ಕೂತಲ್ಲಿಂದ ಸ್ವಲ್ಪ ಮುಂದೆ ಸರಿದಳು. "ಆಮ್ಯಾಲೆ ಕಳಿಸಿದ್ರಾ?"

"ಅದು ಇದರಾಗ ಇಲ್ಲ. ಅದಕ್ಕ ಅವರು ಬರದ ಕಾಗದ ಬ್ಯಾರೆ ಇರತೈತಿ. ನನ್ನ ಹತ್ರ ಇಲ್ಲ."

"ಕೇಳಿದಾಂವ ಯಾರು? ಅವನ ಹೆಸರೇನು?"

ಹಾಲೇಶಪ್ಪ ಹಾಳೆಯ ಕೆಳಗೆ ನೋಡಿದ. ಬೆಳ್ಳನೆಯ ಮೂರು ಗೆರೆ, ಒಂದಕ್ಕೊಂದು ಕೂಡದೆ, ಹರಿಯದೆ, ನೆಟ್ಟಗೆ ಇದ್ದವು. ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಅವನ ತುಟಿ ಏನೋ ಹೆಸರು ಹಿಡಿಯಲು ಹೋಗಿ ಬಿಟ್ಟಿತು.

"ಗೊತ್ತಿಲ್ಲ," ಎಂದ.

ಬೀದಿಯಲ್ಲಿ ಕೊಡಗಳ ಸದ್ದು ಎದ್ದಿತು. "ಅತ್ತಿ, ನಳ ಬಂತು," ಎಂದು ಸುಕನ್ಯಾ ಅಂಗಡಿಯಿಂದ ಕೂಗಿದಳು. ಕೊಟ್ರಮ್ಮ ನೆಲಕ್ಕೆ ಕೈಯೂರಿ ಎದ್ದು ಕೊಡ ತೆಗೆದುಕೊಂಡಳು. ಹಾಲೇಶಪ್ಪ ಆ ಕಾಗದವನ್ನು ದೊಡ್ಡ ಗುಡ್ಡೆಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡ.